ಕೊಡಲಿಯ ಕುಲಗೋತ್ರ

ಹೆಣ್ಣು ನೋಡಲು ಬಂದವರು ಕುಲಗೋತ್ರ ಕೇಳುವುದುಂಟು. ಕೊಡಲಿಯ ಕುಲಗೋತ್ರ ಕೇಳಿದವರನ್ನು ನಾನು ಕಾಣೆ. ಕಳೆದ ಬೇಸಗೆಯಲ್ಲಿ ನಾನು ಮಾಡಿದ್ದು ಅದೇ ಕೆಲಸ.

ವರ್ತೂರಿನ ನಮ್ಮ ಹಳೆಯ ಹೆಂಚಿನ ಮನೆಯನ್ನು ಕೆಡವಿಸಬೇಕಾಗಿ ಬಂತು. ಅಟ್ಟದ ಸಾಮಾನುಗಳನ್ನು ಇಳಿಸುವಾಗ, ಗೋಣಿಯಲ್ಲಿ ಸುತ್ತಿದ್ದ ಆ ಕೊಡಲಿ ಕೈಗೆ ಸಿಕ್ಕಿತು. ನನಗೆ ಅದು ಹೊಸತಲ್ಲ. ಅಜ್ಜಿ ಬಚ್ಚಲೊಲೆಗೆ ಸೌದೆ ಸೀಳುತ್ತಿದ್ದುದು ಅದರಿಂದಲೇ. ನೆಂಟರು ಬಂದರೆ ಮಾತ್ರ ತಂದೆಯವರು ಅದನ್ನು ಕೊಟ್ಟಿಗೆಯ ಕತ್ತಲೆಗೆ ಸೇರಿಸಿಬಿಡುತ್ತಿದ್ದರು.

ಕಾರಣವಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಜ್ಜ ಕೂಲಿಗೆಂದು ಬೆಂಗಳೂರಿಗೆ ಹೋಗುತ್ತಿದ್ದರು. ಕೆಲವು ಕಾಲ ವಿಮಾನದ ಕಾರ್ಖಾನೆಯಲ್ಲಿ, ಕೆಲವು ಕಾಲ ದಂಡಿನ ಉಗ್ರಾಣದಲ್ಲಿ. ಕೊಡಲಿಯನ್ನು ಹರಾಜಿನಲ್ಲಿ ಮೂರು ರೂಪಾಯಿಗೆ ಕೊಂಡೆನೆಂದು ಅವರು ಹೇಳುತ್ತಿದ್ದರು. ವಿಮಾನದ ಕಾರ್ಖಾನೆಯಿಂದ ಹಾರಿಸಿಕೊಂಡು ಬಂದದ್ದೆಂದು ಊರು ಹೇಳುತ್ತಿತ್ತು. ‘ಕೊಡಲಿಯ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ಯಾರಾದರೂ ಎದುರಿಗೆ ಆಡಿದರೆ ಸಾಕು, ತಂದೆಯವರ ಮುಖ ಸಣ್ಣದಾಗುತ್ತಿತ್ತು.

ಮನೆಯಂತೂ ಹೋಗುತ್ತಿದೆ, ಈ ಮಾತನ್ನಾದರೂ ಇತ್ಯರ್ಥ ಮಾಡಿಬಿಡೋಣವೆಂದು ವಿಚಾರಣೆಗೆ ಕುಳಿತೆ.

ಮೊದಲು ಆಕಾರವನ್ನು ನೋಡಿದೆ. ನಮ್ಮ ಕಡೆಯ ಕಮ್ಮಾರ ಬಡಿದ ಕೊಡಲಿಗೆ ಒಂದೇ ಬಾಯಿ, ಹಿಂಬದಿ ಮೊಂಡು. ಇದಕ್ಕೋ ಮುಂದೆ ಬಾಯಿ, ಹಿಂದೆ ಗಿಣಿಯ ಕೊಕ್ಕಿನಂತೆ ಬಾಗಿದ ಮೊನೆ. ತಲೆಯಿಂದ ಇಳಿದ ಎರಡು ಕಬ್ಬಿಣದ ಪಟ್ಟಿಗಳು ಕಾವನ್ನು ಎರಡು ಮಗ್ಗುಲಿನಿಂದಲೂ ಹಿಡಿದಿವೆ. ಇದು ಸೌದೆಯ ಕೊಡಲಿಯೇ ಅಲ್ಲ, ಬೆಂಕಿ ಆರಿಸುವವರ ಕೊಡಲಿ! ಬಾಯಿಯಿಂದ ಬಾಗಿಲನ್ನು ಒಡೆಯಬೇಕು. ಮೊನೆಯನ್ನು ಸಂದಿಗೆ ತೂರಿಸಿ ಹಲಗೆಯನ್ನು ಮೀಟಬೇಕು, ಸೂರನ್ನು ಕೀಳಬೇಕು. ಹಾಗೆ ಮೀಟುವಾಗ ಕಾವು ಮುರಿಯದಿರಲೆಂದೇ ಆ ಪಟ್ಟಿಗಳು. ಪಾಪ, ಬೆಂಕಿ ಆರಿಸಲು ಹುಟ್ಟಿದ್ದು ನಮ್ಮ ಮನೆಯಲ್ಲಿ ನಲವತ್ತು ವರ್ಷ ಬೆಂಕಿಗೆ ಆಹಾರ ಒದಗಿಸಿತು. ನಮ್ಮ ಕೆರೆಗೆ ನೀರು ಹರಿಸುವ ಬೆಳ್ಳಂದೂರು ಕೆರೆಯೇ 2018ರಲ್ಲಿ ಹೊತ್ತಿ ಉರಿದಾಗಲೂ ಅದು ಅಟ್ಟದಲ್ಲಿ ಮಲಗಿತ್ತು. ಕೆರೆಯೇ ಉರಿದರೆ ಕೊಡಲಿ ತಾನೆ ಏನು ಮಾಡೀತು!

ಕಾವಿನ ಸಾಕ್ಷ್ಯ ನಿಲ್ಲಲಿಲ್ಲ. ಇಂಗ್ಲೆಂಡಿನವರು ಇಂಥ ಕೊಡಲಿಗೆ ಆ್ಯಶ್ ಮರವನ್ನೂ ಅಮೆರಿಕದವರು ಹಿಕರಿ ಮರವನ್ನೂ ಬಳಸುವುದು ವಾಡಿಕೆ. ನಮ್ಮದರ ಕಾವು ಶುದ್ಧ ಜಾಲಿ. ಎಂದೋ ಊರಿನ ಬಡಗಿ ಹಾಕಿಕೊಟ್ಟದ್ದು.

ಉಳಿದದ್ದು ಮುದ್ರೆ. ಅರ ಹಾಕಿ ಉಜ್ಜೆಂದು ಗೆಳೆಯರೊಬ್ಬರು ಹೇಳಿದರು. ಹಾಗೆ ಮಾಡಿದ್ದರೆ ಸಾಕ್ಷಿಯ ನಾಲಗೆಯನ್ನೇ ಕತ್ತರಿಸಿದಂತಾಗುತ್ತಿತ್ತು. ಎರಡು ದಿನ ಹುಣಸೆಯ ರಸ ಬಳಿದು, ತೆಂಗಿನ ನಾರಿನಿಂದ ಮೆಲ್ಲಗೆ ತಿಕ್ಕಿದೆ. ತುಕ್ಕಿನ ಕೆಳಗಿನಿಂದ 1942 ಎಂಬ ಅಂಕೆ ಮೂಡಿತು. ಅದರ ಪಕ್ಕದಲ್ಲಿ ಕೋಳಿಯ ಹೆಜ್ಜೆಯಂತೆ ಮೂರು ಗೀಟಿನ ಪುಟ್ಟ ಬಾಣ.

ನನ್ನ ಎದೆ ಧಸಕ್ಕೆಂದಿತು. ಆ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಭಾರತದ ಸೇನೆಯ ಸಾಮಾನಿನ ಮೇಲೂ ಅದನ್ನು ಒತ್ತುತ್ತಿದ್ದರು. ಬಾಣದ ಗುರುತಿನ ವಸ್ತುವನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವೆಂದು ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಕೊನೆಗೇ ಕಾನೂನಾಗಿತ್ತು.

1942 ಎಂದರೆ ಭಯದ ವರ್ಷ. ಆ ಏಪ್ರಿಲ್ 6ರಂದು ಜಪಾನೀಯರು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ ಸ್ಥಾಪಿಸಿದ್ದ ವಿಮಾನದ ಕಾರ್ಖಾನೆಯನ್ನು ಭಾರತ ಸರ್ಕಾರ ಅದೇ ವರ್ಷ ವಶಕ್ಕೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನೆಯ ಕೈಗೆ ಹೋಯಿತು. ಅಮೆರಿಕದವರ ಸಾಮಾನಾಗಿದ್ದರೆ ಬಾಣ ಇರುತ್ತಿರಲಿಲ್ಲ. ಊರಿನ ಕಥೆ ಅಷ್ಟರಮಟ್ಟಿಗೆ ಸಡಿಲವಾಯಿತು. ಕಳವಿನ ಶಂಕೆ ಮಾತ್ರ ಇನ್ನೂ ಬಲವಾಯಿತು. ಆ ರಾತ್ರಿ ನಾನು ತಂದೆಯವರಿಗೆ ಏನೂ ಹೇಳಲಿಲ್ಲ.

ಮರುದಿನ ಬೆಳಗಿನ ಓರೆಬಿಸಿಲಿನಲ್ಲಿ ಕೊಡಲಿಯನ್ನು ಮತ್ತೆ ಹಿಡಿದು ನೋಡಿದೆ. ಬಾಣ ಒಂದಲ್ಲ, ಎರಡು! ಮೊದಲನೆಯದಕ್ಕೆ ಎದುರಾಗಿ, ಮೊನೆಗೆ ಮೊನೆ ತಾಗುವಂತೆ ಇನ್ನೊಂದನ್ನು ಒತ್ತಿದ್ದರು. ಎರಡೂ ಕೂಡಿ ಸಣ್ಣದೊಂದು ನಕ್ಷತ್ರದಂತೆ ಕಾಣುತ್ತಿತ್ತು. ಸೇನೆಯ ಸಾಮಾನನ್ನು ಮಾರಿ ಹೊರಗೆ ಬಿಡುವಾಗ ಹೀಗೆ ಎರಡನೆಯ ಬಾಣವನ್ನು ಎದುರುಬದುರಾಗಿ ಒತ್ತುವುದು ಪದ್ಧತಿ. ‘ಇನ್ನು ಇದು ನಮ್ಮದಲ್ಲ’ ಎಂದು ಸರ್ಕಾರವೇ ಬರೆದುಕೊಟ್ಟಂತೆ.

ತಂದೆಯವರಿಗೆ ಎಂಬತ್ತು ದಾಟಿದೆ. ಎಲ್ಲವನ್ನೂ ಕೇಳಿ, “ರಸೀತಿ ಎಲ್ಲಿದೆ?” ಎಂದರು.

“ಕಬ್ಬಿಣದ ಮೇಲೆಯೇ ಇದೆ,” ಎಂದೆ.

ಮಾರಿದ್ದು ಸರ್ಕಾರವೆಂದು ಮುದ್ರೆ ಹೇಳುತ್ತದೆಯೇ ಹೊರತು ಹಣ ಕೊಟ್ಟವರು ಯಾರೆಂದು ಹೇಳುವುದಿಲ್ಲ. ಅದನ್ನೂ ನಾನು ಮುಚ್ಚಿಡಲಿಲ್ಲ. ಆದರೆ ಅಜ್ಜ ಒಬ್ಬರೇ ಆಡುತ್ತಿದ್ದ ಮಾತಿಗೆ ಈಗ ಒಂದು ಸಾಕ್ಷಿ ಸಿಕ್ಕಿತು. ಊರಿನ ಮಾತಿಗೆ ಒಂದೂ ಇಲ್ಲ.

ತಂದೆಯವರು ಬಹಳ ಹೊತ್ತು ಆ ಗುರುತಿನ ಮೇಲೆ ಹೆಬ್ಬೆರಳಾಡಿಸುತ್ತ ಕುಳಿತಿದ್ದರು. “ಮೂರು ರೂಪಾಯಿ ಎಂದೇ ಹೇಳುತ್ತಿದ್ದ. ನಾನೇ ನಂಬಲಿಲ್ಲ,” ಎಂದರು.

ನಮ್ಮ ಹೊಸ ಮನೆಯಲ್ಲಿ ಬಚ್ಚಲೊಲೆಯಿಲ್ಲ. ಕೊಡಲಿ ಹಜಾರದಲ್ಲಿದೆ. ನೆಂಟರು ಬಂದಾಗ ತಂದೆಯವರೇ ಅದನ್ನು ಅವರ ಕೈಗೆ ಕೊಟ್ಟು, ಬಿಸಿಲಿಗೆ ಹಿಡಿದು ನೋಡಿರೆನ್ನುತ್ತಾರೆ.