ಟ್ರೆಡ್‌ಮಿಲ್ಲಿನಿಂದ ಬೂದಿಕೋಟೆ ರಸ್ತೆಗೆ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಓಡಬೇಕು. ಪಿಯುಸಿ ಮುಗಿದು ವಯಸ್ಸು ತುಂಬಿದ ಮೇಲೆ ಆ ಪರೀಕ್ಷೆಗೆ ಹೋಗಬೇಕೆಂಬುದು ನನ್ನ ಆಸೆ. ಕಾಮರ್ಸ್ ವಿದ್ಯಾರ್ಥಿನಿಗೆ ಇದು ಸುಲಭದ ಲೆಕ್ಕ. 2 ನಿಮಿಷಕ್ಕೆ 400 ಮೀಟರ್ ಎಂದರೆ ಗಂಟೆಗೆ 12 ಕಿಲೋಮೀಟರ್. ಟ್ರೆಡ್‌ಮಿಲ್ಲಿನಲ್ಲಿ 12 ಎಂಬ ಅಂಕಿಗೆ ಬಂದು 2 ನಿಮಿಷ ನಿಲ್ಲದೆ ಓಡಿದರೆ ಆಯಿತು. ಆದರೆ ಪರೀಕ್ಷೆ ನಡೆಯುವುದು ಮೈದಾನದಲ್ಲಿ. ಅಲ್ಲಿ ಒತ್ತಲು ಗುಂಡಿ ಇರುವುದಿಲ್ಲ. ಹಾಗಾಗಿ ಕಳೆದ ಜೂನ್‌ನಿಂದ ನಾನು ಮನೆಯ ಹೊರಗೆ ಓಡುವುದನ್ನು ಕಲಿಯುತ್ತಿದ್ದೇನೆ. ನಮ್ಮ ಕಾಲೇಜಿನ ಕೆಲವು ಗೆಳತಿಯರು ಅದರ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗೆಂದೇ ಈ ಬರಹ.

ನಮ್ಮ ಮನೆಗೆ ಟ್ರೆಡ್‌ಮಿಲ್ ಬಂದದ್ದು ನನಗಾಗಿ ಅಲ್ಲ. ಅಬ್ಬುಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ದಿನಾ ಅರ್ಧ ಗಂಟೆ ನಡೆಯಲು ಹೇಳಿದರು. ಬೆಂಗಳೂರಿನ ಮಾಮು ತಮ್ಮ ಹಳೆಯ ಯಂತ್ರವನ್ನು 9,000 ರೂಪಾಯಿಗೆ ಕೊಟ್ಟರು. ಟೊಮೆಟೊ ಇಳಿಸಿ ಖಾಲಿ ವಾಪಸ್ಸಾಗುತ್ತಿದ್ದ ಒಂದು ಟೆಂಪೋದಲ್ಲಿ ಅದು ಬೂದಿಕೋಟೆಗೆ ಬಂತು. ಅಬ್ಬು ಮೂರು ತಿಂಗಳು ಅದರ ಮೇಲೆ ನಡೆದರು. ಆಮೇಲೆ ಅವರಿಗೆ ಮಸೀದಿಗೆ ನಡೆದು ಹೋಗಿ ಬರುವುದೇ ಹಿತವೆನಿಸಿತು. ಯಂತ್ರದ ಮೇಲೆ ಒಗೆದ ಬಟ್ಟೆ ಒಣಗತೊಡಗಿತು. ಸ್ಥಿರ ಆಸ್ತಿಯ ಮೇಲೆ ಸವಕಳಿ ಲೆಕ್ಕ ಹಾಕುವುದನ್ನು ನಾವು ಪ್ರಥಮ ಪಿಯುಸಿಯಲ್ಲಿ ಕಲಿತೆವಲ್ಲ, ನಮ್ಮ ಮನೆಯ ಈ ಆಸ್ತಿ ಬಳಸದೆಯೇ ಸವೆಯುತ್ತಿತ್ತು. ಬಟ್ಟೆ ತೆಗೆದು ನಾನು ಹತ್ತಿದೆ.

ಯಂತ್ರದ ಉಪಕಾರವನ್ನು ನಾನು ಮರೆಯುವುದಿಲ್ಲ. ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡರೆ ಯಾರೂ ನೋಡುವುದಿಲ್ಲ. ದುಪಟ್ಟಾ ಜಾರಿತೇ ಎಂಬ ಚಿಂತೆ ಇಲ್ಲ. ಮಳೆ, ಬಿಸಿಲು, ನಾಯಿ ಯಾವುದೂ ಇಲ್ಲ. ವೇಗ, ದೂರ, ಸಮಯ ಎಲ್ಲವೂ ಕೆಂಪು ಅಂಕಿಗಳಲ್ಲಿ ಕಣ್ಣ ಮುಂದೆಯೇ ಇರುತ್ತವೆ. ಆರು ತಿಂಗಳಲ್ಲಿ ನಾನು 5ರ ನಡಿಗೆಯಿಂದ 12ರ ಓಟಕ್ಕೆ ಬಂದೆ. ಓಡಿದರೆ ಉಸಿರು ಹೋಗುವುದಿಲ್ಲ, ಅಭ್ಯಾಸವಾದರೆ ಮರಳಿ ಬರುತ್ತದೆ ಎಂಬುದನ್ನು ಕಲಿಸಿದ್ದು ಆ ಕೋಣೆಯೇ.

ಆದರೆ ಕರೆಂಟು ಹೋದರೆ ಅಲ್ಲಿ ಓಟವೂ ನಿಲ್ಲುತ್ತದೆ. ಇನ್ವರ್ಟರ್ ಆ ಮೋಟಾರಿನ ಭಾರ ಹೊರಲಾರದು. ಶಿವನಸಮುದ್ರದಿಂದ ನಮ್ಮ ಪಕ್ಕದ ಕೆಜಿಎಫ್ ಗಣಿಗಳಿಗೆ ವಿದ್ಯುತ್ ಬಂದದ್ದು 1902ರಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ಬೇಸಿಗೆಯಲ್ಲಿ ನಾನು ಬೆಲ್ಟಿನ ಮೇಲೆ ನಿಂತು ಕರೆಂಟು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ. ಇನ್ನೊಂದು ಸಂಗತಿಯನ್ನೂ ಓದಿದೆ. ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯುಬಿಟ್ 1818ರಲ್ಲಿ ಜೈಲಿನ ಕೈದಿಗಳಿಗಾಗಿ ತುಳಿಯುವ ಚಕ್ರವೊಂದನ್ನು ರೂಪಿಸಿದ. ಕೈದಿಗಳು ಗಂಟೆಗಟ್ಟಲೆ ಮೆಟ್ಟಿಲು ಹತ್ತುತ್ತಲೇ ಇರಬೇಕು, ಎಲ್ಲಿಗೂ ತಲುಪುವುದಿಲ್ಲ. ಟ್ರೆಡ್‌ಮಿಲ್ ಎಂಬ ಹೆಸರು ಆ ಚಕ್ರದ್ದೇ. ಇದನ್ನು ಹೇಳಿದಾಗ ನನ್ನ ತಮ್ಮ ಒಂದು ವಾರ ನನ್ನನ್ನು ಕೈದಿ ಎಂದೇ ಕರೆದ.

ಒಳಗಿನ ಓಟಕ್ಕೂ ಹೊರಗಿನ ಓಟಕ್ಕೂ ನಿಜವಾದ ವ್ಯತ್ಯಾಸವೇನು? ನಮ್ಮ ದೈಹಿಕ ಶಿಕ್ಷಣದ ಉಪನ್ಯಾಸಕರು ಮೊದಲೇ ವಿವರಿಸಿದ್ದರು. ಯಂತ್ರದಲ್ಲಿ ಓಟಗಾರ ಇದ್ದಲ್ಲೇ ಇರುತ್ತಾನೆ, ಆದ್ದರಿಂದ ಎದುರು ಗಾಳಿಯನ್ನು ಸೀಳಿಕೊಂಡು ಹೋಗುವ ಶ್ರಮವಿಲ್ಲ. 1996ರಲ್ಲಿ ಆಂಡ್ರ್ಯೂ ಜೋನ್ಸ್ ಮತ್ತು ಜೊನಾಥನ್ ಡೌಸ್ಟ್ ಎಂಬ ಸಂಶೋಧಕರು 9 ಮಂದಿ ನುರಿತ ಓಟಗಾರರನ್ನು ಪರೀಕ್ಷಿಸಿ, ಯಂತ್ರವನ್ನು ಶೇ. 1ರಷ್ಟು ಏರು ಮಾಡಿದರೆ ಹೊರಗಿನ ಓಟದ ಶ್ರಮಕ್ಕೆ ಹತ್ತಿರವಾಗುತ್ತದೆ ಎಂದು ಕಂಡುಕೊಂಡರು. ಆದರೆ ಅವರು ವೇಗದ ಓಟಗಾರರು. ನಿಧಾನವಾಗಿ ಓಡುವ ನಮ್ಮಂಥವರಿಗೆ ಗಾಳಿಯ ಲೆಕ್ಕ ಬಹಳ ಚಿಕ್ಕದು. ಹೊಸಬರಿಗೆ ದೊಡ್ಡ ವ್ಯತ್ಯಾಸ ಬೇರೆ ಎರಡು. ಒಂದು ನೆಲ. ಬೆಲ್ಟು ಎಲ್ಲ ಕಡೆಯೂ ಒಂದೇ ಸಮ, ರಸ್ತೆಯಲ್ಲಿ ಜಲ್ಲಿ, ಇಳಿಜಾರು, ಗುಂಡಿ ಎಲ್ಲ ಇರುತ್ತದೆ. ಪ್ರತಿ ಹೆಜ್ಜೆಗೂ ಪಾದದ ಗಂಟು ಸ್ವಲ್ಪ ಬೇರೆ ರೀತಿ ಕೆಲಸ ಮಾಡಬೇಕು. ಎರಡನೆಯದು ವೇಗ. ಯಂತ್ರದಲ್ಲಿ ವೇಗ ಯಂತ್ರದ್ದು, ರಸ್ತೆಯಲ್ಲಿ ವೇಗವನ್ನು ನಾವೇ ಇಟ್ಟುಕೊಳ್ಳಬೇಕು. ಅಂಕಿ ಕಾಣದಿದ್ದರೆ ಹೊಸಬರು ಜೋರಾಗಿ ಹೊರಟುಬಿಡುತ್ತಾರೆ, ಸ್ವಲ್ಪದರಲ್ಲೇ ಉಸಿರು ಕಟ್ಟಿ ನಿಲ್ಲುತ್ತಾರೆ. ಅದಕ್ಕೇ ಅವರು ಹೇಳಿದ್ದು: ಮೊದಲ ತಿಂಗಳು ಗಡಿಯಾರ ನೋಡಬೇಡ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ಓಡು.

ನನಗೆ ಮೂರನೆಯ ವ್ಯತ್ಯಾಸವೊಂದಿತ್ತು. ಅದು ಯಾವ ಸಂಶೋಧನೆಯಲ್ಲೂ ಇಲ್ಲ. ಹೊರಗೆ ಓಡಿದರೆ ಜನ ನೋಡುತ್ತಾರೆ.

ಮನೆಯಲ್ಲಿ ಈ ಮಾತು ಹಲವು ದಿನ ನಡೆಯಿತು. ಅಮ್ಮಿ ಬೇಡ ಎನ್ನಲಿಲ್ಲ. ಆದರೆ "ಮನೆಯಲ್ಲಿ ಯಂತ್ರ ಇದೆಯಲ್ಲ, ಬೀದಿ ಯಾಕೆ?" ಎಂದು ಕೇಳುತ್ತಲೇ ಇದ್ದರು. ಅವರ ಭಯ ಧರ್ಮದ್ದಲ್ಲ, ಮಾತಿನದು. ನಾಳೆ ಯಾರಾದರೂ ಏನಾದರೂ ಅಂದರೆ ಅದನ್ನು ಕೇಳಬೇಕಾದವರು ಅವರೇ. ಕೊನೆಗೆ ಮಾತಾಡಿದ್ದು ದಾದಿ. ಪ್ರವಾದಿ(ಸ) ಅವರು ಒಂದು ಪ್ರಯಾಣದಲ್ಲಿ ಹಜ್ರತ್ ಆಯಿಷಾ(ರ) ಅವರ ಜೊತೆ ಓಟದ ಪಂದ್ಯ ಮಾಡಿದ್ದನ್ನು ಅವರು ನೆನಪಿಸಿದರು. ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿ ಇದು ಇದೆ. ಮೊದಲ ಸಲ ಆಯಿಷಾ(ರ) ಗೆದ್ದರು. ಮುಂದೊಮ್ಮೆ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದು, ಅಂದಿನ ಸೋಲಿಗೆ ಇದು ಸಮವಾಯಿತು ಎಂದರು. ಇಷ್ಟು ಹೇಳಿ ದಾದಿ ಅಮ್ಮಿಯ ಕಡೆ ತಿರುಗಿ "ಜಾನೆ ದೇ" ಎಂದರು, ಹೋಗಲಿ ಬಿಡು ಎಂದು. ಅಮ್ಮಿ ಮೂರು ಷರತ್ತು ಹಾಕಿದರು. ಫಜರ್ ನಮಾಜಿನ ನಂತರ ಬೆಳಕು ಹರಿದ ಮೇಲೆಯೇ ಹೊರಡಬೇಕು. ತಮ್ಮ ಸೈಕಲ್ಲಿನಲ್ಲಿ ಜೊತೆಗಿರಬೇಕು. ಅರ್ಧ ಗಂಟೆಯೊಳಗೆ ಮನೆಯಲ್ಲಿರಬೇಕು. ತಮ್ಮನಿಗೆ ಬೆಳಗ್ಗೆ ಏಳುವುದೇ ಕಷ್ಟ. ಅವನಿಗೆ ವಾರಕ್ಕೊಂದು ಎಗ್ ಪಫ್ ಎಂದು ಒಪ್ಪಂದವಾಯಿತು.

ನಮ್ಮ ಓಟ ಬಂಗಾರಪೇಟೆ ರಸ್ತೆಯಲ್ಲಿ. ಮೀಟರ್ ಲೆಕ್ಕವಿಲ್ಲ, ಲೈಟು ಕಂಬಗಳ ಲೆಕ್ಕ. ಮೊದಲ ವಾರ ಎರಡು ಕಂಬ ಓಟ, ಎರಡು ಕಂಬ ನಡಿಗೆ. ಮೂರನೆಯ ವಾರಕ್ಕೆ ಮೂರು ಕಂಬ ಓಟ, ಒಂದು ಕಂಬ ನಡಿಗೆ. ವಾರಕ್ಕೆ ನಾಲ್ಕು ದಿನ ಮಾತ್ರ, ನಡುವೆ ಬಿಡುವು. ಯಂತ್ರದಲ್ಲಿ ಅರ್ಧ ಗಂಟೆ ಓಡುತ್ತಿದ್ದ ನನಗೆ ಇಲ್ಲಿ ಹತ್ತು ನಿಮಿಷಕ್ಕೇ ಮೀನಖಂಡ ಬಿಗಿಯುತ್ತಿತ್ತು. ಇದೂ ಸಹಜವೇ, ನೆಲ ಹೊಸದಾದರೆ ಸ್ನಾಯುಗಳಿಗೂ ಹೊಸ ಪಾಠ ಎಂದು ಉಪನ್ಯಾಸಕರು ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ. ಎರಡು ತಿಂಗಳಲ್ಲಿ ಆ ನೋವು ಹೋಯಿತು.

ಆ ಹೊತ್ತಿನಲ್ಲಿ ರಸ್ತೆ ಖಾಲಿ ಇರುವುದಿಲ್ಲ. ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೋಗುವವರು, ಕೋಲಾರದ ಮಾರುಕಟ್ಟೆಗೆ ಟೊಮೆಟೊ ಕ್ರೇಟು ಹೊತ್ತ ಟೆಂಪೋಗಳು, ಮೊದಲ ಬಸ್ಸಿಗೆ ಕಾಯುವವರು. ಮೊದಲ ದಿನಗಳಲ್ಲಿ ಎಲ್ಲರೂ ನೋಡಿದರು. ಒಬ್ಬರು ಗಾಡಿ ನಿಲ್ಲಿಸಿ "ಏನಮ್ಮಾ, ಬಸ್ಸು ತಪ್ಪಿತಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಒಂದು ಟೀ ಅಂಗಡಿಯ ಮುಂದೆ ಕೆಲವು ಹುಡುಗರು ಪೊಲೀಸ್ ಸೀಟಿಯಂತೆ ಊದಿದರು. ನಾಲ್ಕನೆಯ ದಿನವೂ ಊದಿದಾಗ ತಮ್ಮ ಸೈಕಲ್ ನಿಲ್ಲಿಸಿದ. ಬೇಡ ಎಂದು ಕರೆದುಕೊಂಡು ಮುಂದೆ ಹೋದೆ. ಆ ದಿನ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಂತ್ರ ಅಲ್ಲೇ ಮಹಡಿಯಲ್ಲಿತ್ತು. ಬಾಗಿಲು ಹಾಕಿಕೊಂಡರೆ ಯಾರೂ ಊದುವುದಿಲ್ಲ.

ಮರುದಿನ ಹೋಗುವುದೋ ಬೇಡವೋ ಎನ್ನುವಾಗ ನನಗೆ ಎರಡು ವಿಷಯ ನೆನಪಾದವು. ಒಂದು ನಮ್ಮ ಊರಿನದೇ. ಹೈದರಾಲಿ ಹುಟ್ಟಿದ ಊರು ಎಂದು ಬೂದಿಕೋಟೆಯನ್ನು ಎಲ್ಲರೂ ಬಲ್ಲರು. ಆದರೆ ಇಲ್ಲಿಯೇ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಆರಂಭವಾಯಿತು ಎಂಬುದು ನಮ್ಮ ತರಗತಿಯಲ್ಲಿ ಅನೇಕರಿಗೆ ಗೊತ್ತಿಲ್ಲ. ಸ್ವಸಹಾಯ ಸಂಘಗಳ ಹೆಂಗಸರು ತಾವೇ ಕಾರ್ಯಕ್ರಮ ಮಾಡಿ ಧ್ವನಿಮುದ್ರಿಸುತ್ತಿದ್ದರು. ಇಂಥ ಸಂಘಗಳಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಅನುಮತಿ ಇರಲಿಲ್ಲ. ಅದಕ್ಕಾಗಿ ಕೇಬಲ್ ಮೂಲಕ ಮನೆಮನೆಗೆ ಮುಟ್ಟಿಸಿದರು. ಅನುಮತಿ ಕೊಡುವ ನೀತಿ ಬಂದದ್ದು 2006ರಲ್ಲಿ. ಅಷ್ಟರೊಳಗೆ ನಮ್ಮ ಊರಿನ ಹೆಂಗಸರು ಮಾತಾಡಿ ಆಗಿತ್ತು. ಇನ್ನೊಂದು ನವಾಲ್ ಅಲ್ ಮುತವಕ್ಕಿಲ್ ಅವರ ಕಥೆ. ಮೊರಾಕ್ಕೊ ದೇಶದ ಅವರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು 54.61 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಒಲಿಂಪಿಕ್ಸ್ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ ಅವರು. ನನ್ನ 2 ನಿಮಿಷದ 400 ಮೀಟರೇ ಅದು, ನಡುವೆ ಹತ್ತು ತಡೆಗಳನ್ನು ಬೇರೆ ಹಾರಬೇಕು.

ಮರುದಿನ ಹೋದೆ. ಹುಡುಗರಿಗೆ ಕೆಲವು ವಾರಗಳಲ್ಲಿ ಬೇಸರವಾಯಿತು. ದಿನವೂ ಕಾಣುವುದನ್ನು ಜನ ನೋಡುವುದು ಬಿಡುತ್ತಾರೆ. ಈಗ ಹಾಲಿನ ಕ್ಯಾನಿನ ಅಜ್ಜಿಯೊಬ್ಬರು ನಾನು ಒಂದು ದಿನ ಬರದಿದ್ದರೆ ಮರುದಿನ "ನಿನ್ನೆ ಯಾಕೆ ಬರಲಿಲ್ಲ?" ಎಂದು ಕೇಳುತ್ತಾರೆ. ಪಕ್ಕದ ಬೀದಿಯ ಖಾಲಾ ಒಬ್ಬರು ಬುರ್ಖಾದಲ್ಲೇ ನಮ್ಮ ಹಿಂದೆ ವೇಗವಾಗಿ ನಡೆಯುತ್ತಾರೆ. ಅವರಿಗೂ ಸಕ್ಕರೆ ಕಾಯಿಲೆ.

ಹೊರಗೆ ಓಡಲು ಬಯಸುವ ಗೆಳತಿಯರಿಗೆ ನಾನು ಹೇಳುವುದಿಷ್ಟು. ಯಂತ್ರದಲ್ಲಿ ಓಡುವ ವೇಗವನ್ನು ಮನೆಯಲ್ಲೇ ಬಿಟ್ಟು ಬನ್ನಿ, ಮೊದಲಿನಿಂದ ನಿಧಾನವಾಗಿ ಆರಂಭಿಸಿ. ಓಟದ ಜೊತೆ ನಡಿಗೆ ಸೇರಿಸಿ. ಹಿಮ್ಮಡಿಯಲ್ಲಿ ಸವೆದ ಬೂಟು ಬೇಡ. ವಾಹನಗಳಿಗೆ ಎದುರಾಗಿ ರಸ್ತೆಯ ಬಲಬದಿಯಲ್ಲಿ ಓಡಿ, ಆಗ ಬರುವುದು ಕಾಣುತ್ತದೆ. ದುಪಟ್ಟಾ ಬದಲು ಪಿನ್ ಹಾಕಿದ ಹತ್ತಿಯ ಸ್ಕಾರ್ಫ್ ಒಳ್ಳೆಯದು. ನಾಯಿ ಅಟ್ಟಿದರೆ ಓಡಬೇಡಿ, ನಿಂತು ನಡೆಯಿರಿ. ಸಾಧ್ಯವಾದರೆ ಜೊತೆಗೊಬ್ಬರು ಇರಲಿ. ಯಂತ್ರವನ್ನು ಮಾರಬೇಡಿ, ಮಳೆಗಾಲಕ್ಕೆ ಬೇಕಾಗುತ್ತದೆ.

ಅಕ್ಟೋಬರ್‌ನಲ್ಲಿ ಶಾಲೆಯ ಮೈದಾನದಲ್ಲಿ ಟೇಪು ಹಿಡಿದು 100 ಮೀಟರ್ ಅಳೆದು, ಎರಡು ಸಲ ಹೋಗಿ ಬಂದೆ. ತಮ್ಮನ ಮೊಬೈಲಿನಲ್ಲಿ 2 ನಿಮಿಷ 11 ಸೆಕೆಂಡು ಬಂತು. ಈ ತಿಂಗಳು 1 ನಿಮಿಷ 57 ಸೆಕೆಂಡು. ಮೂರು ಸೆಕೆಂಡು ಮಾತ್ರ ಕೈಯಲ್ಲಿದೆ, ಅದು ಸಾಲದು. ಅರ್ಜಿ ಹಾಕುವ ವಿಷಯದಲ್ಲಿ ಅಮ್ಮಿ ಇನ್ನೂ ಹೂಂ ಎಂದಿಲ್ಲ. ಆದರೆ ಮೊನ್ನೆ ನನ್ನ ಬೂಟುಗಳನ್ನು ಅವರೇ ತೊಳೆದು ಮಹಡಿಯಲ್ಲಿ ಒಣಗಲು ಇಟ್ಟಿದ್ದರು, ಟ್ರೆಡ್‌ಮಿಲ್ಲಿನ ಮೇಲೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಮೈದಾನದಲ್ಲಿ ಹುಡುಗಿಯರು ಸೇರಿ ವಾರಕ್ಕೆರಡು ದಿನ ಓಡಬಹುದೇ ಎಂದು ಉಪನ್ಯಾಸಕರನ್ನು ಕೇಳಿದ್ದೇನೆ. ಐದು ಜನ ಸೇರಿದರೆ ಆಗಲಿ ಎಂದಿದ್ದಾರೆ. ಈಗ ಮೂವರಿದ್ದೇವೆ. ಇನ್ನಿಬ್ಬರು ಬೇಕು.