ಕಾಯ್ದೆ ಓದದವರ ನಾಡಿನಲ್ಲಿ

ಕಾಲುನಡಿಗೆಯವರ ಮೇಲೆ ಸ್ಕಾಟ್ಲೆಂಡಿನ ಕಾನೂನಿಗೆ ವಿಶೇಷ ಪ್ರೀತಿ. ಅಲ್ಲಿ 2003ರಲ್ಲಿ ಬಂದ ಭೂಸುಧಾರಣಾ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಹೆಚ್ಚುಕಡಿಮೆ ಯಾರ ಜಮೀನಿನಲ್ಲಾದರೂ ನಡೆದು ಹೋಗಬಹುದು. ಬೆಳೆ ತುಳಿಯಬಾರದು, ದನಕರುಗಳಿಗೆ ತೊಂದರೆ ಕೊಡಬಾರದು, ಮನೆಯಂಗಳಕ್ಕೆ ನುಗ್ಗಬಾರದು, ಅಷ್ಟೆ. ಬದುವಿನ ಮೇಲೆ ಕಾಲಿಟ್ಟರೆ ಕೋರ್ಟಿನ ಮೆಟ್ಟಿಲು ಹತ್ತಿಸುವ ಸೀಮೆಯಿಂದ ಹೋದ ನನಗೆ ಇದನ್ನು ನಂಬುವುದಕ್ಕೇ ಸ್ವಲ್ಪ ಕಾಲ ಹಿಡಿಯಿತು. "ನಡೀರಿ ಅಪ್ಪಾ, ಯಾರೂ ಏನೂ ಅನ್ನೂದಿಲ್ಲ" ಎಂದು ಅಬರ್ಡೀನಿನಲ್ಲಿರುವ ಮಗಳು ಬೇಲಿ ದಾಟಿಸಿ ಧೈರ್ಯ ಕೊಟ್ಟಳು. ಅವಳ ಜೊತೆ ಹಡಗು ಹತ್ತಿ ಓರ್ಕ್ನಿ ದ್ವೀಪಗಳಿಗೆ ಹೋದ ಮೇಲೆ ಗೊತ್ತಾಯಿತು, ಕಾನೂನು ಕೊಟ್ಟರೂ ತಾವು ಕೊಡುವುದಿಲ್ಲ ಎನ್ನುವವರು ಅಲ್ಲಿ ಬೇಕಾದಷ್ಟಿದ್ದಾರೆ ಎಂದು. ಸಮುದ್ರ, ಗಾಳಿ, ಹಕ್ಕಿ, ಕರು ಹಾಕಿದ ಹಸು. ಇವರಲ್ಲಿ ಒಬ್ಬರೂ ಕಾಯ್ದೆ ಓದಿದವರಲ್ಲ.

ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ಪೆಂಟ್‌ಲಂಡ್ ಎಂಬ ಜಲಸಂಧಿ ಇದೆ. ಅದರಾಚೆ ಓರ್ಕ್ನಿ. ಎಪ್ಪತ್ತರಷ್ಟು ದ್ವೀಪಗಳು, ಜನವಸತಿ ಇರುವುದು ಸುಮಾರು ಇಪ್ಪತ್ತರಲ್ಲಿ. 1468ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಮಗಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಡುವಾಗ ವರದಕ್ಷಿಣೆಯ ಹಣ ಹೊಂದಿಸಲಾಗದೆ ಈ ದ್ವೀಪಗಳನ್ನು ಅಡವಿಟ್ಟ. ಬಿಡಿಸಿಕೊಳ್ಳುವುದು ಆಗಲೇ ಇಲ್ಲ. ಹೆಣ್ಣು ಹೆತ್ತವರ ಪಾಡು ರಾಜನಿಗೂ ತಪ್ಪಿದ್ದಲ್ಲ.

ಬರ್ಸೆ ಎಂಬ ಹಳ್ಳಿಯ ಎದುರಿಗೆ ಬ್ರೋ ಎಂಬ ಪುಟ್ಟ ದ್ವೀಪವಿದೆ. ಸಮುದ್ರ ಇಳಿದಾಗ ಮಾತ್ರ ಅಲ್ಲಿಗೆ ಕಾಂಕ್ರೀಟಿನ ಕಾಲುದಾರಿ ಕಾಣಿಸುತ್ತದೆ. ಇಳಿತದ ಗಳಿಗೆಯ ಹಿಂದೆ ಎರಡು ತಾಸು, ಮುಂದೆ ಎರಡು ತಾಸು. ಅಷ್ಟರಲ್ಲಿ ಹೋಗಿ ಬರಬೇಕು. ಮೈಮರೆತು ಕುಳಿತರೆ ಮುಂದಿನ ಇಳಿತದವರೆಗೆ ಅಲ್ಲೇ ವಾಸ. ನಮ್ಮನೆಯವಳು ಪಾಚಿಗಟ್ಟಿದ ದಾರಿಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದು ಕೈಯಲ್ಲಿ ಊರಿನಿಂದ ತಂದ ಕೊಡೆಯನ್ನೂ ಹಿಡಿದು ದಾಟಿದಳು. ಆಚೆ ದಡ ಮುಟ್ಟುತ್ತಲೇ ಗಾಳಿ ಕೊಡೆಯನ್ನು ಹಿಂದುಮುಂದು ಮಾಡಿ ಕಡ್ಡಿಗಳನ್ನೆಲ್ಲ ಮುರಿಯಿತು. ಓರ್ಕ್ನಿಯಲ್ಲಿ ಮರಗಳೇ ಇಲ್ಲವೆನ್ನಬಹುದು. ಆ ಗಾಳಿಯಲ್ಲಿ ನಿಂತವರು ಕಾರಣ ಕೇಳುವುದಿಲ್ಲ.

ಬ್ರೋದಲ್ಲಿ ಮೊದಲು ಪಿಕ್ಟ್ ಎಂಬ ಪುರಾತನ ಜನ ಇದ್ದರು, ಆಮೇಲೆ ನಾರ್ವೆಯ ಕಡೆಯವರು ಬಂದರು. ಮನೆಗಳ ತಳಪಾಯ, 12ನೇ ಶತಮಾನದ ಇಗರ್ಜಿಯ ಮೊಂಡುಗೋಡೆ ಹುಲ್ಲಿನ ನಡುವೆ ಉಳಿದಿವೆ. ಅಲ್ಲಿ ಸಿಕ್ಕ ಪಿಕ್ಟ್ ಕಲ್ಲೊಂದರ ಮೇಲೆ ಈಟಿ ಹಿಡಿದ ಮೂವರು ಯೋಧರು ಸಾಲಾಗಿ ನಡೆಯುತ್ತಿದ್ದಾರೆ. ಮುಂದಿನವನ ಕೂದಲು ಗುಂಗುರು, ಗುರಾಣಿಯೂ ಉಳಿದಿಬ್ಬರದಕ್ಕಿಂತ ಅಲಂಕಾರದ್ದು. ಸಾಹೇಬ ಯಾರು, ಸಿಪಾಯಿಗಳು ಯಾರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೂಲ ಕಲ್ಲು ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿದೆ, ಇಲ್ಲಿ ನಿಂತಿರುವುದು ಪ್ರತಿ. ದ್ವೀಪದ ಪಶ್ಚಿಮದ ಕಡಿದಾದ ಅಂಚಿಗೆ ಹೋದರೆ, ಬೇಸಿಗೆಯಲ್ಲಿ ಅದೃಷ್ಟವಿದ್ದವರಿಗೆ ಪಫಿನ್ ಹಕ್ಕಿಗಳು ಕಾಣುತ್ತವೆ. ಹುಲ್ಲಿನ ಬಿಲಗಳಲ್ಲಿ ಮರಿ ಮಾಡಿ, ಬಣ್ಣದ ಕೊಕ್ಕಿನಲ್ಲಿ ಸಣ್ಣ ಮೀನುಗಳನ್ನು ಅಡ್ಡಡ್ಡ ಕಚ್ಚಿಕೊಂಡು ಬರುತ್ತವೆ. ನಾವು ನೋಡುತ್ತಿದ್ದಂತೆ ಮಗಳು ಗಡಿಯಾರ ನೋಡಿದಳು. ಬಂದ ದಾರಿ ನೆನೆಯಲು ಶುರುವಾಗಿತ್ತು.

ಓರ್ಕ್ನಿಯಲ್ಲಿ ಐದು ಸಾವಿರ ವರ್ಷದ ಮನೆಗಳು ಗೋಡೆಸಮೇತ ಉಳಿದಿರುವುದಕ್ಕೆ ಆ ನೆಲದ ಕಲ್ಲು ಕಾರಣ. ನಮ್ಮ ಕಲಬುರಗಿ ಸೀಮೆಯ ಶಹಾಬಾದಿ ಫರಸಿಯ ಹಾಗೆ ಅದು ಪದರುಪದರಾಗಿ ಏಳುತ್ತದೆ. ಸುಣ್ಣ ಗಾರೆ ಬೇಡ, ಉಳಿಯ ಹಂಗೂ ಹೆಚ್ಚಿಲ್ಲ. ಒಂದರ ಮೇಲೊಂದು ಒಟ್ಟಿದರೆ ಗೋಡೆ. ಮರವಿಲ್ಲದ ಊರಿನವರು ಮಂಚ, ಕಪಾಟುಗಳನ್ನೂ ಕಲ್ಲಿನಲ್ಲೇ ಮಾಡಿಕೊಂಡರು. 1850ರ ಒಂದು ಬಿರುಗಾಳಿ ಮರಳು ಹಾರಿಸಿ ಹೊರಗೆಡವಿದ ಸ್ಕಾರಾ ಬ್ರೇ ಎಂಬ ಊರಿನಲ್ಲಿ ಆ ಕಪಾಟುಗಳು ಇವತ್ತಿಗೂ ನಿಂತಿವೆ. ನಮ್ಮನೆಯವಳು ಅದನ್ನು ನೋಡಿದವಳೇ, "ಇಷ್ಟು ದೂರ ಬಂದು ಮತ್ತ ಫರಸಿಕಲ್ಲ ನೋಡೂದಾತಲ್ರೀ" ಎಂದಳು. ಅಲ್ಲಿ ಪ್ರವಾಸಿಗಳ ನೂಕುನುಗ್ಗಲು ಬೇರೆ. ಅದರ ಬಗ್ಗೆ ಬರೆದವರೂ ಬೇಕಾದಷ್ಟಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಪಾಪಾ ವೆಸ್ಟ್ರೇ ಎಂಬ ದ್ವೀಪಕ್ಕೆ ಪಕ್ಕದ ವೆಸ್ಟ್ರೇಯಿಂದ ವಿಮಾನವಿದೆ. ದೂರ 2.7 ಕಿಲೋಮೀಟರು, ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಜಗತ್ತಿನ ಅತಿ ಚಿಕ್ಕ ವಿಮಾನ ಸಂಚಾರ ಎಂದು ಅದಕ್ಕೆ ದಾಖಲೆ. ಈ ದ್ವೀಪದ ಪಶ್ಚಿಮ ದಡದಲ್ಲಿ ನ್ಯಾಪ್ ಆಫ್ ಹೌವರ್ ಎಂಬ ಜೋಡಿಮನೆ ಇದೆ. ಕ್ರಿ.ಪೂ. 3700ರಷ್ಟು ಹಿಂದೆಯೇ ಅಲ್ಲಿ ಒಲೆ ಉರಿಯುತ್ತಿತ್ತು; ವಾಯವ್ಯ ಯುರೋಪಿನಲ್ಲಿ ನಿಂತಿರುವ ಅತಿ ಹಳೆಯ ಕಲ್ಲುಮನೆಗಳಲ್ಲಿ ಇದೂ ಒಂದು. ಬಾಗಿಲು ಎಷ್ಟು ಗಿಡ್ಡ ಎಂದರೆ ಯಾವ ದೊಡ್ಡ ಮನುಷ್ಯನಾದರೂ ಬಗ್ಗಿಯೇ ಒಳಗೆ ಹೋಗಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಗೋಡೆಯೊಳಗೇ ದಾರಿ. ಒಳಗೆ ಕಾಳು ಅರೆಯುವ ಕಲ್ಲು ಹಾಗೇ ಇದೆ, ಅರೆದರೆದು ನಡುವೆ ತಗ್ಗಾಗಿದೆ. ಕಲ್ಲು ನೋಡಿ ಬೇಸತ್ತಿದ್ದ ನಮ್ಮನೆಯವಳು ಇಲ್ಲಿ ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ಆ ತಗ್ಗಿನಲ್ಲಿ ಅಂಗೈ ಆಡಿಸಿದಳು. "ಇದನ್ನ ಅರದಾಕಿಗೆ ಸೊಂಟ ನೋವು ಇದ್ದೇ ಇರತಿತ್ತು" ಎಂಬುದು ಅವಳ ತೀರ್ಮಾನ. ಪುರಾತತ್ವದವರು ಇದನ್ನು ಒಪ್ಪುತ್ತಾರೆಂದುಕೊಂಡಿದ್ದೇನೆ.

ಅಲ್ಲಿಂದ ದಡ ಹಿಡಿದು ಉತ್ತರಕ್ಕೆ ನಡೆದರೆ ನಾರ್ತ್ ಹಿಲ್ ಎಂಬ ಹಕ್ಕಿಗಳ ಸೀಮೆ. ಆರ್ಕ್ಟಿಕ್ ಟರ್ನ್ ಎಂಬ ಹಕ್ಕಿ ತೂಕದಲ್ಲಿ ನೂರು ಗ್ರಾಮಿನ ಆಸುಪಾಸು. ಬೇಸಿಗೆಗೆ ಇಲ್ಲಿ, ಇಲ್ಲಿ ಚಳಿ ಬಿದ್ದಾಗ ದಕ್ಷಿಣ ಧ್ರುವದ ಕಡಲಿನಲ್ಲಿ. ವರ್ಷಕ್ಕೆ ಎರಡು ಬೇಸಿಗೆ ಅನುಭವಿಸುವ ಪುಣ್ಯವಂತ ಪ್ರಾಣಿ. ನೆಲದ ಮೇಲೇ ಮೊಟ್ಟೆ ಇಡುತ್ತದೆ, ಹತ್ತಿರ ಹೋದವರ ನೆತ್ತಿಗೆ ನೇರ ಎರಗುತ್ತದೆ. ನನ್ನ ಬೋಳುತಲೆ ಅದಕ್ಕೆ ಬಹಳ ಅನುಕೂಲವಾಯಿತು. ಅದು ಎರಗುವುದು ಎಲ್ಲಕ್ಕಿಂತ ಎತ್ತರದಲ್ಲಿರುವ ವಸ್ತುವಿಗಂತೆ. ಆದ್ದರಿಂದ ತಲೆಯ ಮೇಲೆ ಕೋಲು ಎತ್ತಿ ಹಿಡಿಯಬೇಕು ಎಂದು ದಾರಿಯಲ್ಲಿ ಸಿಕ್ಕವರು ಹೇಳಿದರು. ಮುರಿದ ಕೊಡೆ ಕೆಲಸಕ್ಕೆ ಬಂದದ್ದು ಆಗ. ಗೂಡು ಕಂಡ ಕೂಡಲೇ ಅಲ್ಲಿಂದ ಸರಿದುಹೋಗುವುದು ಅದಕ್ಕಿಂತ ಒಳ್ಳೆಯ ಉಪಾಯ. ಒಂದು ಕಾಲಕ್ಕೆ ಈ ನಾರ್ತ್ ಹಿಲ್ ಬ್ರಿಟನ್ನಿನಲ್ಲಿಯೇ ಟರ್ನ್‌ಗಳ ದೊಡ್ಡ ಬೀಡುಗಳಲ್ಲಿ ಒಂದಾಗಿತ್ತು. ಈಗ ಸಂಖ್ಯೆ ತೀರ ಇಳಿದಿದೆ. ಅವುಗಳ ಮುಖ್ಯ ಆಹಾರ ಸ್ಯಾಂಡ್ ಈಲ್ ಎಂಬ ಬೆರಳುದ್ದದ ಮೀನು. ಸ್ಕಾಟ್ಲೆಂಡಿನ ಕಡಲಿನಲ್ಲಿ ಅದನ್ನು ಹಿಡಿಯುವುದನ್ನು 2024ರಲ್ಲಿ ನಿಲ್ಲಿಸಿದರು, ಆದರೆ ಕಡಲಿನ ನೀರು ಬೆಚ್ಚಗಾಗುವುದನ್ನು ಆದೇಶ ಹೊರಡಿಸಿ ನಿಲ್ಲಿಸಲಾಗುವುದಿಲ್ಲ.

ಅದೇ ದಾರಿಯಲ್ಲಿ ಫೌಲ್ ಕ್ರೇಗ್ ಎಂಬ ಬಂಡೆಯಂಚಿದೆ. ಗ್ರೇಟ್ ಆಕ್ ಎಂಬ, ಹಾರಲು ಬಾರದ ದೊಡ್ಡ ಕಡಲಹಕ್ಕಿ ಇತ್ತಲ್ಲ, ಓರ್ಕ್ನಿಯ ಕೊನೆಯದನ್ನು 1813ರಲ್ಲಿ ಇಲ್ಲಿ ಕೊಂದರು. ಕೊಂದದ್ದು ಹಸಿವೆಗಲ್ಲ, ಲಂಡನ್ನಿನ ಒಬ್ಬ ಸಂಗ್ರಾಹಕನ ಗಾಜಿನ ಪೆಟ್ಟಿಗೆಗೆ. 1844ರ ಹೊತ್ತಿಗೆ ಐಸ್‌ಲೆಂಡಿನ ಕೊನೆಯ ಜೋಡಿಯೂ ಮುಗಿಯಿತು. ನ್ಯಾಪ್ ಆಫ್ ಹೌವರಿನ ಕಸದ ತಿಪ್ಪೆಯಲ್ಲಿಯೂ ಈ ಹಕ್ಕಿಯ ಮೂಳೆಗಳು ಸಿಕ್ಕಿವೆ. ಅಂದರೆ ಆ ಮನೆಯವರೂ ಅವರ ನಂತರದವರೂ ಐದು ಸಾವಿರ ವರ್ಷ ತಿಂದರೂ ಮುಗಿಯದ ಹಕ್ಕಿ ಇದು. ಅದರ ಕೊನೆಯ ಕೆಲವನ್ನು ಮುಗಿಸಿದ್ದು ವಿದ್ಯಾವಂತರ ಹವ್ಯಾಸ.

ಒಂದೇ ದಿನ ಕೈಯಲ್ಲಿದೆ ಎನ್ನುವವರಿಗೆ ನಾನು ರೌಸಿ ದ್ವೀಪ ಹೇಳುತ್ತೇನೆ. ಟಿಂಗ್‌ವಾಲ್ ಎಂಬಲ್ಲಿಂದ ಅರ್ಧ ತಾಸಿನ ದೋಣಿ. ಅಲ್ಲಿನ ವೆಸ್ಟ್‌ನೆಸ್ ದಡದ ಒಂದು ಮೈಲಿಯನ್ನು ಸ್ಕಾಟ್ಲೆಂಡಿನ ಪುರಾತತ್ವದ ಅತಿ ಮುಖ್ಯ ಮೈಲಿ ಎನ್ನುತ್ತಾರೆ. ರಸ್ತೆಯಿಂದ ಕಡಿದಾದ ಹೊಲ ಇಳಿದರೆ ಮಿಡ್‌ಹೌ ಸಮಾಧಿ. 23 ಮೀಟರ್ ಉದ್ದದ ಓಣಿ, ನಿಲ್ಲಿಸಿದ ಚಪ್ಪಡಿಗಳಿಂದ ಹನ್ನೆರಡು ಕೋಣೆಗಳಾಗಿ ಹಂಚಿದೆ. 25 ಜನರ ಮೂಳೆಗಳು ಸಿಕ್ಕವು, ಕೆಲವರನ್ನು ಕಲ್ಲಿನ ಕಟ್ಟೆಗಳ ಮೇಲೆ ಮುದುರಿ ಮಲಗಿಸಿದ್ದರು. 1930ರ ದಶಕದಲ್ಲಿ ಅಗೆದವರು ಅದರ ಮೇಲೊಂದು ದೊಡ್ಡ ಕಟ್ಟಡ ಕಟ್ಟಿದ್ದಾರೆ, ಮೇಲಿನ ಅಟ್ಟದ ದಾರಿಯಲ್ಲಿ ನಡೆಯುತ್ತ ಕೆಳಗೆ ಇಣುಕಬಹುದು. ಅದಕ್ಕೆ ಆತುಕೊಂಡಂತೆ, ಮೂರು ಸಾವಿರ ವರ್ಷ ತಡವಾಗಿ ಕಟ್ಟಿದ ಬ್ರಾಕ್ ಎಂಬ ದುಂಡು ಕೋಟೆಮನೆ, ಒಳಗೆ ಒಲೆ, ನೀರಿನ ತೊಟ್ಟಿ. ಕೆಳಗೆ ಬಂಡೆಗಳ ಮೇಲೆ ಸೀಲ್‌ಗಳು ಬಿಸಿಲಿಗೆ ಮೈಚೆಲ್ಲಿದ್ದವು. ನಾವು ನಿಂತರೆ ತಲೆಯೆತ್ತಿ ನೋಡುತ್ತವೆ, ನಡೆದರೆ ಮತ್ತೆ ಮಲಗುತ್ತವೆ.

ಇದರಾಚೆ ಕ್ವಾಂಡೇಲ್ ಎಂಬಲ್ಲಿ ಛಾವಣಿ ಇಲ್ಲದ ಮನೆಗಳು. ಇವು ಪ್ರಾಚೀನವಲ್ಲ. 1840ರ ದಶಕದಲ್ಲಿ ಜಮೀನ್ದಾರ ಕುರಿ ಮೇಯಿಸುವುದಕ್ಕಾಗಿ ಒಕ್ಕಲುಗಳನ್ನು ಎಬ್ಬಿಸಿದ. ಅವುಗಳ ಪಕ್ಕ ಮಾರ್ಗದರ್ಶಿ ಪುಸ್ತಕ ಹಿಡಿದ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಿಂದಕ್ಕೆ ಬರುವ ದಾರಿಯ ಗೇಟಿನಲ್ಲಿ ಕರುಗಳ ಜೊತೆ ಹಸುಗಳು ಅಡ್ಡ ನಿಂತಿದ್ದವು. ಅಲ್ಲಿದ್ದ ರೈತ ನಾಲ್ಕು ಮಾತಿನಲ್ಲಿ ಸುತ್ತು ದಾರಿ ತೋರಿಸಿ, ಹಿಂದೆ ಇಲ್ಲೇ ಹತ್ತಿರ ಒಬ್ಬರು ಸತ್ತ ಹಸು ಹೂಳಲು ಗುಂಡಿ ತೋಡಿದಾಗ ವೈಕಿಂಗ್ ಹೆಂಗಸಿನ ಸಮಾಧಿ ಸಿಕ್ಕಿತು ಎಂದ. ಅದು 1963ರ ಮಾತು. ಆ ಸಮಾಧಿಯ ಬೆಳ್ಳಿಯ ಸೆರಗುಪಿನ್ನು ಈಗ ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿದೆ.

ದಡದ ಸ್ವಾಂಡ್ರೋ ಎಂಬ ದಿಬ್ಬ ನೋಡುವುದಕ್ಕೆ ಏನೂ ಅಲ್ಲ, ಉರುಟು ಕಲ್ಲುಗಳ ರಾಶಿ. ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದವರು 2010ರಿಂದ ಹಲವು ಬೇಸಿಗೆಗಳಲ್ಲಿ ಇಲ್ಲಿ ಅಗೆದರು. ಅಲೆಗಳು ದಿಬ್ಬದ ಅರ್ಧವನ್ನು ಆಗಲೇ ತಿಂದಿದ್ದವು. ಉಳಿದದ್ದರಲ್ಲಿ ಸಾವಿರ ವರ್ಷಕ್ಕೂ ಹಿಂದಿನ ತಾಮ್ರಗಾರನ ಕೆಲಸದ ಮನೆಯೊಂದು ಸಿಕ್ಕಿತು. ಅಡಿಗಲ್ಲಿನ ಮೇಲೆ ಮಸಿಯ ಗುರುತುಗಳು: ಕುಳಿತು ಬಡಿಯುತ್ತಿದ್ದವನ ಎರಡು ಮೊಣಕಾಲು, ಊರಿದ ಅಂಗೈಗಳು. ಯಾರೋ ಕೆಲಸ ಮುಗಿಸಿ ಕೈ ತೊಳೆಯಲು ಎದ್ದುಹೋದಂತೆ. ಪ್ರತಿ ಬೇಸಿಗೆಯ ಕೊನೆಗೆ ಅಗೆದದ್ದರ ಮೇಲೆ ಮತ್ತೆ ಕಲ್ಲು ಹೇರಿ ಬರುತ್ತಿದ್ದರು, ಇಲ್ಲದಿದ್ದರೆ ಚಳಿಗಾಲದ ಕಡಲಿಗೆ ಅದು ಒಂದು ತುತ್ತು. ಓರ್ಕ್ನಿಯ ದಡದಲ್ಲಿ ಇಂಥ ದಿಬ್ಬಗಳು ಎಷ್ಟೋ ಇವೆ, ಎಲ್ಲವನ್ನೂ ಅಗೆಯುವಷ್ಟು ಹಣವೂ ಇಲ್ಲ, ಜನವೂ ಇಲ್ಲ.

ಹೋಗುವ ಮನಸ್ಸಿದ್ದವರು ಮೇ ಕೊನೆಯಿಂದ ಜುಲೈ ನಡುವೆ ಹೋಗಿ. ಆಗಸ್ಟಿಗೆ ಪಫಿನ್‌ಗಳು ಕಡಲಿಗೆ ಹೊರಟಿರುತ್ತವೆ. ಉಬ್ಬರ ಇಳಿತದ ವೇಳೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಗೂಡಿನ ಹತ್ತಿರ ನಿಂತು ಫೋಟೋ ತೆಗೆಯಬೇಡಿ, ಗೋಡೆಯಿಂದ ಒಂದು ಚೂರು ಕಲ್ಲನ್ನೂ ನೆನಪಿಗೆಂದು ತರಬೇಡಿ. ಮುಚ್ಚಿದ್ದ ಗೇಟು ದಾಟಿದರೆ ಮತ್ತೆ ಮುಚ್ಚಿ, ತೆರೆದಿದ್ದನ್ನು ತೆರೆದೇ ಬಿಡಿ.