ಚೆನ್ನಿ ಹತ್ತುವ ಕಾರು

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆತರಲು ನಾನು ಮಾಡದ ಕಸರತ್ತಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಂಟು ದಿನ ಇದ್ದು ಆಪರೇಷನ್ ಮಾಡಿಸ್ಕೊಂಡು ಹೋಗವಾ ಅಂದರೆ ಒಂದೇ ಉತ್ತರ: "ನಾಯಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ."

ನಾಯಿ ಅಂದರೆ ಮಡಿಲಲ್ಲಿ ಕೂರಿಸಿಕೊಳ್ಳುವ ಜಾತಿಯವಲ್ಲ, ಮುಧೋಳ ನಾಯಿಗಳು. ಹೊಲಕ್ಕೆ ಹಂದಿ ಕಾಟ ಜಾಸ್ತಿಯಾದಾಗ ಅಪ್ಪ ಬಾಗಲಕೋಟೆ ಕಡೆಯಿಂದ ಎರಡು ಮರಿ ತಂದಿದ್ದ. ರಾಜ, ಚೆನ್ನಿ. 2005ರಲ್ಲಿ ಅಂಚೆ ಚೀಟಿ ಮೇಲೂ ಬಂದ ತಳಿ ಇದು. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೇ ಒಂದು ಸಂಶೋಧನಾ ಕೇಂದ್ರ ಇದೆ. ಭುಜದ ಹತ್ತಿರವೇ ಸುಮಾರು 70 ಸೆಂ.ಮೀ. ಎತ್ತರ, ಉದ್ದನೆ ಕಾಲು, ಮೈಮೇಲೆ ಒಂದು ಗುಲಗಂಜಿ ಕೊಬ್ಬಿಲ್ಲ. ಮಲಗಿದರೆ ಮಂಚದಷ್ಟು ಜಾಗ ಬೇಕು.

ಹೋದ ವರ್ಷ ಮಾರ್ಚ್‌ನಲ್ಲಿ ಕೊನೆಗೂ ಅಮ್ಮ ಒಪ್ಪಿದಳು, ಎರಡೂ ನಾಯಿ ಜೊತೆಗೆ ಬರಬೇಕು ಅನ್ನುವ ಕರಾರಿನ ಮೇಲೆ. ರೈಲಿನಲ್ಲಿ ನಾಯಿ ಒಯ್ಯಬೇಕೆಂದರೆ ಒಂದೋ ಫಸ್ಟ್ ಕ್ಲಾಸಿನ ಇಡೀ ಕೂಪೆ ಬುಕ್ ಮಾಡಬೇಕು, ಇಲ್ಲಾ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಅಮ್ಮ ಎರಡಕ್ಕೂ ತಲೆ ಅಲ್ಲಾಡಿಸಿದಳು. ನನ್ನ ಹತ್ತಿರ ಇದ್ದದ್ದು ಹಳೆ ಹ್ಯಾಚ್‌ಬ್ಯಾಕ್. ಎರಡನ್ನೂ ಹಿಂದಿನ ಸೀಟಿಗೆ ತುರುಕಿ ಹೊರಟೆವು. ಮಲ್ಲಟದಿಂದ ಬೆಂಗಳೂರಿಗೆ 400 ಕಿ.ಮೀ.ಗೂ ಹೆಚ್ಚು. ಎ.ಸಿ. ಗಾಳಿ ಮುಂದಿನವರಿಗೇ ಸಾಕಾಗುತ್ತಿರಲಿಲ್ಲ, ಹಿಂದೆ ಅವೆರಡೂ ನಾಲಿಗೆ ಚಾಚಿಕೊಂಡು ಹಾ ಹಾ ಅನ್ನುತ್ತಿದ್ದವು. ಹಿರಿಯೂರಿನ ಆಸುಪಾಸಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಗ್ಲಾಸು ಎರಡೆರಡು ಇಂಚು ಇಳಿಸಿದ್ದೆ. ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ.

ವಾಪಸ್ ಬಂದಾಗ ಚೆನ್ನಿ ಬಾಗಿಲಿಗೆ ಒದೆಯುತ್ತಿದ್ದಳು. ರಾಜ ಸೀಟಿನ ಕೆಳಗೆ ಬಿದ್ದಿದ್ದ. ಹೋಟೆಲಿನವರು ಕೊಡಗಟ್ಟಲೆ ನೀರು ತಂದು ಸುರಿದರು, ಒಬ್ಬರು ರಟ್ಟು ಹಿಡಿದು ಗಾಳಿ ಹಾಕಿದರು. ಪಶು ವೈದ್ಯರ ಹತ್ತಿರ ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು.

ಆಮೇಲೆ ಓದಿಕೊಂಡೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ, ಅರ್ಧ ಗಂಟೆಗೆ ಹತ್ತಿರ ಹತ್ತಿರ 20. ಗ್ಲಾಸು ಸ್ವಲ್ಪ ಇಳಿಸಿದರೆ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕುವುದೊಂದೇ ದಾರಿ. ರಾಯಚೂರಿನ ಬಿಸಿಲಲ್ಲಿ ಹುಟ್ಟಿ ಬೆಳೆದ ನಾಯಿ, ಇದಕ್ಕೇನು ಆದೀತು ಅಂದುಕೊಂಡಿದ್ದೆ. ಹೊಲದಲ್ಲಿ ಅದಕ್ಕೆ ಬೇವಿನ ನೆರಳಿತ್ತು, ಕಾಲುವೆ ನೀರಿತ್ತು. ನನ್ನ ಕಾರಿನಲ್ಲಿ ಏನಿತ್ತು?

ಬೆಂಗಳೂರಿಗೆ ಹೋಗಲಿಲ್ಲ. ಅಲ್ಲಿಂದಲೇ ತಿರುಗಿಸಿ ರಾತ್ರಿ ಊರಿಗೆ ಬಂದು, ಅಪ್ಪನ ಮಗ್ಗುಲಿಗೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಅಮ್ಮ ನನಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಾರು ಹುಡುಕಾಟ. ಆಫೀಸಿನ ಗೆಳೆಯರು ಮೈಲೇಜು, ಸನ್‌ರೂಫ್, ಟಚ್‌ಸ್ಕ್ರೀನ್ ಅನ್ನುತ್ತಿದ್ದರೆ ನಾನು ಅಳತೆ ಟೇಪು ಹಿಡಿದು ಶೋರೂಮಿಗೆ ಹೋಗುತ್ತಿದ್ದೆ. "ಫ್ಯಾಮಿಲಿ ಎಷ್ಟು ಜನ ಸಾರ್?" ಅಂತ ಒಬ್ಬ ಹುಡುಗ ಕೇಳಿದ. "ಅಮ್ಮ, ನಾನು, ಒಂದು ನಾಯಿ" ಅಂದೆ. ಅವನು ನಕ್ಕ. ನಾನು ಡಿಕ್ಕಿಯೊಳಗೆ ತೆವಳಿ ಮಲಗಿ ನೋಡಿದಾಗ ನಗು ನಿಂತಿತು.

ನನಗೆ ಬೇಕಿದ್ದವು ಮೂರ್ನಾಲ್ಕು ಸಂಗತಿ. ಮಲಗಿದ ನಾಯಿಗೆ ಎ.ಸಿ. ಗಾಳಿ ತಲುಪಬೇಕು. ಇದಕ್ಕಿಂತ ಮುಖ್ಯ ಯಾವುದೂ ಅಲ್ಲ. ನೆಲ ಸಪಾಟಾಗಿರಬೇಕು, ಕೆಳಗಿರಬೇಕು. ಈಗಿನ ಎಸ್‌ಯುವಿಗಳು ನೋಡಲು ಗೂಳಿ ಥರ ಇರ್ತಾವೆ, ಆದರೆ ಹಿಂದಿನ ಗ್ಲಾಸು ಇಳಿಜಾರು, ಡಿಕ್ಕಿ ನನ್ನ ಸೊಂಟದ ಮಟ್ಟಕ್ಕೆ. ವಯಸ್ಸಾದ ನಾಯಿ ಅಷ್ಟೆತ್ತರ ಹಾರಿದರೆ ಸೊಂಟ ಹೋಗುತ್ತೆ. ಹೊರದೇಶಗಳಲ್ಲಿ ನಾಯಿ ಸಾಕಿದವರು ಎಸ್ಟೇಟ್ ಕಾರು ಇಟ್ಟುಕೊಳ್ಳುತ್ತಾರೆ: ಉದ್ದ, ತಗ್ಗು, ಹಿಂದೆ ಚೌಕ. ಟಾಟಾದವರು 1992ರಲ್ಲೇ ಎಸ್ಟೇಟ್ ತಂದಿದ್ದರು, 2004ರಲ್ಲಿ ಇಂಡಿಗೊ ಮರೀನಾ ತಂದರು. ನಮ್ಮ ಜನ ಕೊಳ್ಳಲಿಲ್ಲ. ಒಂದು ಹಳೇ ಮರೀನಾ ನೋಡಲು ತುಮಕೂರಿನ ತನಕ ಹೋಗಿದ್ದೆ. ತಳ ತುಕ್ಕು ಹಿಡಿದಿತ್ತು, ಬಿಟ್ಟು ಬಂದೆ.

ಊರಿನ ಮಾವ "ಎತ್ತು ಒಯ್ಯಾಕ ಟಾಟಾ ಏಸ್ ಐತಿ, ನಾಯಿಗ್ಯಾಕೋ ಕಾರು? ಆ ದುಡ್ಡಿಗೆ ಒಂದೆಕರೆ ಲಾವಣಿ ಹಾಕ್ಕಬೋದಿತ್ತು" ಅಂದ. ಕಾಲುವೆ ಕೊನೆ ಭಾಗದ ನಮ್ಮ ಹೊಲಗಳಿಗೆ ನೀರು ಮುಟ್ಟುವುದೇ ಅಪರೂಪ, ಲಾವಣಿ ಹಾಕಿ ಏನು ಮಾಡ್ಲಿ ಮಾವ ಅಂದೆ.

ಈಕೋ ನೋಡಿದೆ. ಜಾಗ ದಂಡಿಯಾಗಿದೆ, ಬಾಗಿಲು ಸರಿಸುವುದು, ಹತ್ತಿಸುವುದು ಸಲೀಸು. ಆದರೆ ಹಿಂದಕ್ಕೆ ಬೇರೆ ಎ.ಸಿ. ಕಿಂಡಿ ಇಲ್ಲ. ಟ್ರೈಬರ್‌ನಲ್ಲಿ ಮೂರನೇ ಸಾಲಿನ ಸೀಟುಗಳನ್ನು ಪೂರ್ತಿ ಕಿತ್ತು ಮನೆಯಲ್ಲಿಟ್ಟರೆ 625 ಲೀಟರ್ ಜಾಗ, ಹಿಂದಿನವರಿಗೂ ಗಾಳಿ ಬರುತ್ತೆ. ಅದನ್ನೇ ತಗೊಳ್ಳೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಪರಿಚಯದವರ ಎರ್ಟಿಗಾ ಒಂದು ಮಾರಾಟಕ್ಕೆ ಬಂತು. ಮೂರನೇ ಸಾಲು ಮಡಚಿದರೆ ನೆಲ ಸಪಾಟು, ಚಾವಣಿಯಿಂದ ಹಿಂದಕ್ಕೆ ಗಾಳಿ, ಬೆಲೆಯೂ ನನ್ನ ಇ.ಎಂ.ಐ. ಕೈಗೆಟುಕುವಂಥದ್ದು. ತಗೊಂಡೆ.

ಕಟ್ಟಿಹಾಕುವ ವಿಷಯಕ್ಕೆ ಬಿ.ಇ. ಫಸ್ಟ್ ಇಯರಿನ ಫಿಸಿಕ್ಸು ನೆನಪಾಯಿತು. ಚೆನ್ನಿ 25 ಕೆ.ಜಿ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಅವಳು ಮುಂದಿನ ಸೀಟಿಗೆ ಬಡಿಯುವ ಭಾರ ಸುಮಾರು 350 ಕೆ.ಜಿ.ಯಷ್ಟು. ಮೂರೂವರೆ ಕ್ವಿಂಟಾಲ್! ಕೊರಳ ಪಟ್ಟಿಗೆ ಕಟ್ಟಿದರೆ ಕುತ್ತಿಗೆಯೇ ಹೋಗುತ್ತೆ. ಎದೆಗೆ ಹಾಕುವ ಅಗಲ ಪಟ್ಟಿ ತಂದು ಸೀಟಿನ ಕಬ್ಬಿಣದ ಕೊಂಡಿಗೆ ಸಿಗಿಸಿದೆ, ನಡುವೆ ಒಂದು ಜಾಲರಿ ಹಾಕಿಸಿದೆ. ಎಲುಬು ಚುಚ್ಚದಿರಲಿ ಅಂತ ಅಮ್ಮ ಅಪ್ಪನ ಕೌದಿಯನ್ನೇ ಹಾಸಿದಳು.

ಇಷ್ಟೆಲ್ಲಾ ಆದ ಮೇಲೆ ಚೆನ್ನಿ ಕಾರಿನ ಹತ್ತಿರವೇ ಬರಲಿಲ್ಲ. ಬಾಗಿಲು ತೆಗೆದ ಸದ್ದಿಗೇ ಬಾಲ ಮುದುಡಿಕೊಂಡು ಕೊಟ್ಟಿಗೆ ಸೇರುತ್ತಿದ್ದಳು. ಊರ ಬಡಿಗೇರ ಐದಡಿ ಹಲಗೆಗೆ ರಬ್ಬರ್ ಮ್ಯಾಟು ಜಡಿದು ಇಳಿಜಾರು ಮಾಡಿಕೊಟ್ಟ. ವಾರವಿಡೀ ಅಮ್ಮ ಅಂಗಳದಲ್ಲಿ ನಿಂತ ಕಾರಿನೊಳಗೆ ರೊಟ್ಟಿ ಇಟ್ಟಳು. ನಾಲ್ಕು ದಿನ ರೊಟ್ಟಿ ಕಾಗೆ ಪಾಲಾಯಿತು. ಐದನೇ ದಿನ ಅಮ್ಮ ತಾನೇ ಹಲಗೆ ಮೇಲೆ ಅಂಬೆಗಾಲಿಟ್ಟು ಹತ್ತಿ ಒಳಗೆ ಕೂತು, "ಬಾ, ನನ್ನವ್ವ, ನಾ ಇದೀನಿ ಬಾ" ಅಂತ ಕರೆದಳು. ಬಂದಳು.

ಹೊರಟದ್ದು ಬೆಳಗಿನ ಮೂರಕ್ಕೆ, ಹಿಂದಿನ ರಾತ್ರಿ ಚೆನ್ನಿಗೆ ಊಟ ಕಮ್ಮಿ. ಎರಡು ಗಂಟೆಗೊಮ್ಮೆ ನೆರಳು ನೋಡಿ ನಿಲ್ಲಿಸಿದೆ. ಒಬ್ಬರು ಇಳಿದರೆ ಇನ್ನೊಬ್ಬರು ಎ.ಸಿ. ಹಾಕಿಕೊಂಡು ಕಾರಲ್ಲೇ. ಅಮ್ಮ ಮುಂದೆ ಕೂರಲೇ ಇಲ್ಲ, ನಡುವಿನ ಸೀಟಲ್ಲಿ ಜಾಲರಿಗೆ ಕೈ ಇಟ್ಟುಕೊಂಡು ಬಂದಳು. ಹಿರಿಯೂರು ಬಂದಾಗ ಚಹಾ ಬೇಕಾ ಅಂತ ಕೇಳಲು ನನಗೆ ಧೈರ್ಯವಾಗಲಿಲ್ಲ.

"ಮುಂದ ನಡಿ," ಅಂದಳು ಅವಳೇ.

ಎಡಗಣ್ಣಿನ ಆಪರೇಷನ್ ಆಗಿದೆ. ಬಲಗಣ್ಣಿಗೆ ಮುಂದಿನ ತಿಂಗಳು ಕರೆದಿದ್ದಾರೆ. ಅಷ್ಟರಲ್ಲಿ ಹಲಗೆಯ ರಬ್ಬರ್ ಬದಲಿಸಬೇಕು, ಚೆನ್ನಿ ಅರ್ಧ ಕಡಿದು ಹಾಕಿದ್ದಾಳೆ.